ಹೊಳೆಯ ದಡದ ಗುಂಡು

ಕನ್ನಡದಲ್ಲಿ ಗುಂಡು ಎಂಬ ಮಾತಿಗೆ ಮನೆಗಳು ಬಹಳ. ಒರಳಿನಲ್ಲಿ ಉರುಳುವುದು ಗುಂಡು. ಗಾರೆಯವನು ದಾರಕ್ಕೆ ಕಟ್ಟಿ ಗೋಡೆಯ ನೇರವನ್ನು ನೋಡುವುದು ತೂಗುಗುಂಡು. ಮುತ್ತೈದೆಯ ತಾಳಿಯ ಇಕ್ಕೆಲದಲ್ಲಿ ಕೋದಿರುವುದು ಚಿನ್ನದ ಗುಂಡು. ಗರಡಿಯ ಹುಡುಗರು ಹೆಗಲ ಮೇಲೆತ್ತಿ ಮೆರೆಯುವುದು ಕಲ್ಲಿನ ಗುಂಡು. ಬಂದೂಕಿನ ಬಾಯಿಂದ ಹಾರಿ ಮನುಷ್ಯನ ಎದೆಯನ್ನು ಹೊಗುವುದೂ ಗುಂಡೇ. ಇಷ್ಟೊಂದು ಮನೆಗಳುಳ್ಳ ಮಾತನ್ನು ಒಬ್ಬನು ಆಡಿದಾಗ, ಕೇಳಿದವನು ಅದನ್ನು ತನಗೆ ಪರಿಚಯವಿರುವ ಮನೆಗೇ ಕರೆದುಕೊಂಡು ಹೋಗುವುದು ಸಹಜವಲ್ಲವೆ? ಶ್ರೀರಂಗಪಟ್ಟಣದ ಸಮೀಪದ ಒಂದು ಪಾಠಶಾಲೆಯ ಗಾಜಿನ ಬೀರುವಿನಲ್ಲಿ ಒಂದು ಸೀಸದ ತುಂಡು ನಲವತ್ತು ವರ್ಷಕ್ಕೆ ಸಮೀಪವಾಗಿ ತನ್ನದಲ್ಲದ ಹೆಸರನ್ನು ಹೊತ್ತು ಕುಳಿತುದು ಈ ಬಗೆಯಲ್ಲಿಯೆ.

ಅದನ್ನು ಅಲ್ಲಿ ಇರಿಸಿದವರು ಆ ಶಾಲೆಯ ಚರಿತ್ರೆಯ ಮೇಷ್ಟರು. ಅವರು ಹುಟ್ಟಿ ಬೆಳೆದುದು ಬಯಲುಸೀಮೆಯಲ್ಲಿ. ಅಲ್ಲಿ ನೀರೆಂದರೆ ಬಾವಿ, ಬಹಳವೆಂದರೆ ಕೆರೆ. ಹೊಳೆಯನ್ನು ಅವರು ಮೊದಲು ಕಂಡುದು ಕೆಲಸಕ್ಕೆ ಸೇರಿದ ಮೇಲೆ. ಆದರೂ ಅವರ ಕಣ್ಣಿಗೆ ಹೊಳೆಗಿಂತ ಹೊಳೆಯ ನಡುವಣ ಕೋಟೆಯೇ ಹೆಚ್ಚಾಗಿ ಬಿದ್ದಿತು. ಅದರಲ್ಲಿ ತಪ್ಪೇನೂ ಇಲ್ಲ. ೧೭೯೨ರ ಮುತ್ತಿಗೆ, ಆ ವರ್ಷದ ಮಾರ್ಚಿಯಲ್ಲಿ ಟಿಪ್ಪೂಸುಲ್ತಾನನು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಿ ಮಾಡಿಕೊಂಡ ಒಪ್ಪಂದ, ಏಳು ವರ್ಷದ ತರುವಾಯ ೧೭೯೯ರ ಮೇ ೪ರ ಮಧ್ಯಾಹ್ನ ಜನರಲ್ ಹ್ಯಾರಿಸನ ಸೈನ್ಯವು ಬೇಸಿಗೆಯಲ್ಲಿ ಬತ್ತಿದ ಕಾವೇರಿಯ ಕಲ್ಲುಪಾತ್ರವನ್ನು ದಾಟಿ ಕೋಟೆಯ ಒಡಕಿನೊಳಕ್ಕೆ ನುಗ್ಗಿದುದು, ಸಂಜೆಯೊಳಗೆ ಸುಲ್ತಾನನು ಬಿದ್ದುದು — ಇವೆಲ್ಲ ಪುಸ್ತಕದಲ್ಲಿ ಓದಿದ ಮಾತುಗಳಾಗಿದ್ದವು. ಈಗ ಅವು ನಡೆದ ಕಲ್ಲುಗಳ ಮೇಲೆಯೇ ನಡೆದು ಪಾಠಶಾಲೆಗೆ ಹೋಗುವ ಭಾಗ್ಯ ಬಂದಿದ್ದಿತು. ಇಂತಹ ಊರಿಗೆ ಬಂದ ಚರಿತ್ರೆಯ ಉಪಾಧ್ಯಾಯನು ಬಿಸಿರಕ್ತದವನಾಗಿದ್ದರೆ ಅವನಿಗೆ ಪ್ರತಿಯೊಂದು ಕಲ್ಲೂ ಕೋಟೆಯ ಕಲ್ಲಾಗಿ ಕಾಣುವುದು ಆಶ್ಚರ್ಯವಲ್ಲ.

ಮೇಷ್ಟರು ಬಂದ ಎರಡನೆಯ ವರ್ಷದ ಬೇಸಿಗೆ. ಮೇಲುಗಡೆ ಕೃಷ್ಣರಾಜಸಾಗರದಿಂದ ನೀರು ಕಡಮೆಯಾಗಿ, ಹೊಳೆಯು ಬಂಡೆಗಳ ನಡುವೆ ಸಣ್ಣ ಸಣ್ಣ ಮಡುಗಳಾಗಿ ಒಡೆದಿದ್ದಿತು. ಮೇಷ್ಟರು ತಮ್ಮ ತರಗತಿಯ ಮಕ್ಕಳನ್ನು ಕರೆದುಕೊಂಡು ಸೈನ್ಯ ದಾಟಿದ ಸ್ಥಳವನ್ನು ತೋರಿಸಲು ದಡಕ್ಕೆ ಹೋದರು. ಅವರು ಸೈನ್ಯದ ವಿಚಾರವನ್ನು ವಿವರಿಸುತ್ತಿರಲು, ಹನ್ನೊಂದು ವರ್ಷದ ಒಬ್ಬ ಹುಡುಗನು — ಬೆಸ್ತರ ಬೀದಿಯವನು, ತರಗತಿಯಲ್ಲಿ ಹಿಂದಿನ ಸಾಲಿನ ಮೂಲೆಯಲ್ಲಿ ಒಬ್ಬನೇ ಕೂರುತ್ತಿದ್ದವನು — ಎರಡು ಬಂಡೆಗಳ ಸಂದಿನ ನೊರಜುಗಲ್ಲಿನೊಳಗೆ ಕೈಯಿಟ್ಟು ಏನನ್ನೋ ಹೊರಕ್ಕೆ ತೆಗೆದು, "ಗುಂಡು, ಸಾ! ಗುಂಡು!" ಎಂದು ಕೂಗಿ ಓಡಿಬಂದನು.

ಅದು ಬೂದಿಬಣ್ಣದ, ಅಡಕೆಗಿಂತ ಸ್ವಲ್ಪ ಉದ್ದನಾದ, ಕೈಗೆ ಎಣಿಸಿದುದಕ್ಕಿಂತ ಭಾರವಾದ ಒಂದು ತುಂಡು. ಮೇಷ್ಟರು ಉಗುರಿನಿಂದ ಕೆರೆದರು. ಒಳಗೆ ಬೆಳ್ಳಿಯಂತಹ ಹೊಳಪು ಕಂಡಿತು. ಕಾಗದದ ಮೇಲೆ ಉಜ್ಜಿದರು; ಕಪ್ಪು ಗೆರೆ ಬಿದ್ದಿತು. ಸೀಸವೆಂಬುದಕ್ಕೆ ಸಂಶಯವಿಲ್ಲ. ಆ ಸಂಜೆಯೇ ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿದಾಗ ೩೧ ಗ್ರಾಂ ಬಂದಿತು. ಆ ಕಾಲದ ಇಂಗ್ಲಿಷ್ ಬಂದೂಕಿಗೆ ಒಂದು ಪೌಂಡು ಸೀಸದಿಂದ ಸುಮಾರು ೧೪ ಗುಂಡುಗಳನ್ನು ಎರಕ ಹೊಯ್ಯುತ್ತಿದ್ದರೆಂದು ಅವರು ಓದಿದ್ದರು. ಹಾಗೆಂದರೆ ಒಂದಕ್ಕೆ ೩೨ ಗ್ರಾಮಿನ ಲೆಕ್ಕ. ಒಂದು ಗ್ರಾಂ ಹೊಳೆಗೆ ಸಂದಿರಬೇಕು! ಗುಂಡು ಗುಂಡಗಿರಲಿಲ್ಲ, ಒಂದು ಪಕ್ಕ ಚಪ್ಪಟೆಯಾಗಿದ್ದಿತು. ಕೋಟೆಯ ಗೋಡೆಗೆ ಬಡಿದ ಸೀಸವು ಚಪ್ಪಟೆಯಾಗದೆ ಇರುವುದುಂಟೆ? ಉಳಿದುದು ಒಂದು ತೊಡಕು: ಅದರ ನಡುವೆ ತೂತಿದ್ದಿತು. ಮೇಷ್ಟರ ಓದು ಇಲ್ಲಿಯೂ ಕೈಬಿಡಲಿಲ್ಲ. ಬಂದೂಕಿಗೆ ತುಂಬಿ, ಹಾರಿಸದೆ ಉಳಿದ ಗುಂಡನ್ನು ಹೊರಕ್ಕೆಳೆಯಲು ಸಿಪಾಯಿಗಳು ತಿರುಪಿನ ಮೊನೆಯುಳ್ಳ ಸಲಾಕಿಯನ್ನು ಒಳಕ್ಕೆ ತಿರುಗಿಸುತ್ತಿದ್ದರು, ಅದು ಸೀಸದಲ್ಲಿ ತೂತು ಮಾಡುತ್ತಿದ್ದಿತು ಎಂದು ಒಂದು ಪುಸ್ತಕದಲ್ಲಿ ಇದ್ದಿತು. ಹಾರಿಸದೆ ಹೊರಕ್ಕೆಳೆದ ಗುಂಡು ಕೋಟೆಯ ಗೋಡೆಗೆ ಬಡಿದುದು ಹೇಗೆಂದು ಆಗ ಅವರನ್ನು ಯಾರೂ ಕೇಳಲಿಲ್ಲ. ಸಂತೋಷದಲ್ಲಿರುವ ವಿದ್ವಾಂಸನು ಇಂತಹ ಪ್ರಶ್ನೆಯನ್ನು ತನ್ನನ್ನು ತಾನು ಕೇಳಿಕೊಳ್ಳುವುದು ಅಪೂರ್ವ.

ಮಾರನೆಯ ದಿನ ತರಗತಿಯಲ್ಲಿ ಮೇಷ್ಟರು ಆ ಹುಡುಗನನ್ನು ಮುಂದಕ್ಕೆ ಕರೆದು, ಗುಂಡನ್ನು ಎಲ್ಲರಿಗೂ ಎತ್ತಿ ತೋರಿಸಿ, ಅದರ ಚರಿತ್ರೆಯನ್ನು ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗನಿಗೆ ಒಂದು ತುದಿ ಕೆಂಪು, ಒಂದು ತುದಿ ನೀಲಿಯಾದ ಸೀಸದಕಡ್ಡಿಯೊಂದು ಬಹುಮಾನವಾಗಿ ದೊರೆಯಿತು. ಹೆಸರು ಸೀಸದಕಡ್ಡಿಯಾದರೂ ಅದರಲ್ಲಿ ಸೀಸವಿರುವುದಿಲ್ಲವೆಂಬುದು ವಾಚಕರಿಗೆ ತಿಳಿದೇ ಇದೆ. ಹೆಸರುಗಳನ್ನು ನಂಬಬಾರದೆಂಬುದಕ್ಕೆ ಬಹುಮಾನವೇ ಸಾಕ್ಷಿಯಾಗಿದ್ದಿತೆಂದು ಮೇಷ್ಟರು ಬಹಳ ಕಾಲದ ಮೇಲೆ ನಕ್ಕುದುಂಟು. ಗುಂಡು ಗಾಜಿನ ಬೀರುವಿಗೆ ಹೋಯಿತು. ಅದರ ಕೆಳಗಣ ಚೀಟಿಯಲ್ಲಿ "೧೭೯೯ರ ಮುತ್ತಿಗೆಯ ಕಾಲದ ಬಂದೂಕಿನ ಗುಂಡು" ಎಂದೂ, ಸಂಗ್ರಾಹಕರು ಎಂಬಲ್ಲಿ ಮೇಷ್ಟರ ಹೆಸರೂ ಇದ್ದಿತು. ಹುಡುಗನ ಹೆಸರನ್ನು ಬರೆಯದೆ ಬಿಡಬೇಕೆಂದು ಯಾರೂ ಯೋಚಿಸಿರಲಿಲ್ಲ, ಬರೆಯಬೇಕೆಂದೂ ಯೋಚಿಸಿರಲಿಲ್ಲ.

ವರ್ಷಗಳು ಕಳೆದವು. ಪ್ರತಿ ವರ್ಷವೂ ಆ ಪಾಠ ಬಂದಾಗ ಗುಂಡು ಬೀರುವಿನಿಂದ ಇಳಿದು ಮಕ್ಕಳ ಅಂಗೈಯಿಂದ ಅಂಗೈಗೆ ಹೋಗಿ ಮತ್ತೆ ಬೀರುವನ್ನು ಸೇರುತ್ತಿದ್ದಿತು. ಮೇಷ್ಟರು ನಿವೃತ್ತರಾದ ಮೇಲೂ ಈ ಸಂಪ್ರದಾಯ ನಿಲ್ಲಲಿಲ್ಲ. ಕೊನೆಗೆ ಶಾಲೆಯ ಕಟ್ಟಡದ ದುರಸ್ತಿ ಬಂದು, ಬೀರುವಿನಲ್ಲಿದ್ದ ನಾಣ್ಯ, ಮಡಕೆಯ ಚೂರು, ಹಳೆಯ ಬೀಗ ಮುಂತಾದುವುಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ, ಕೆಲಸ ಮುಗಿಯುವವರೆಗೆ ಇವು ನಿಮ್ಮಲ್ಲಿಯೇ ಇರಲಿ ಎಂದು ಮೇಷ್ಟರ ಮನೆಗೆ ಕಳುಹಿಸಿದರು.

ಪೆಟ್ಟಿಗೆ ಬಂದ ಎರಡನೆಯ ದಿನ ಮೇಷ್ಟರ ಮೊಮ್ಮಗಳು, ಆರು ವರ್ಷದವಳು, ಆ ಗುಂಡನ್ನು ಹೂವಿನ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು ಪಡಸಾಲೆಗೆ ಬಂದಳು. ಅಜ್ಜಿ ಮೊದಲು ಗದರಿಸಿದರು. ಮೇಷ್ಟರು ಎದ್ದು ಬಂದು ಅದನ್ನು ತೆಗೆದು, ಮಗುವಿನ ಕೈಯನ್ನು ಸಾಬೂನು ಹಚ್ಚಿ ತೊಳೆಸಿದರು. ಸೀಸವು ಮಕ್ಕಳ ದೇಹಕ್ಕೆ, ಅದರಲ್ಲಿಯೂ ಮೆದುಳಿಗೆ, ಎಷ್ಟು ಕೇಡೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಇಂಗ್ಲೆಂಡಿನಲ್ಲಿ ಗಾಳದ ಸೀಸದ ತುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ೧೯೮೭ರಲ್ಲಿ ಅಂತಹ ತುಂಡುಗಳಲ್ಲಿ ಹೆಚ್ಚಿನವುಗಳ ಮಾರಾಟವನ್ನೇ ನಿಲ್ಲಿಸಿದರು. ಮೂವತ್ತು ವರ್ಷ ತಾವೇ ಅದನ್ನು ಮಕ್ಕಳ ಕೈಗೆ ಕೊಟ್ಟುದನ್ನು ನೆನೆದು ಮೇಷ್ಟರ ಮನಸ್ಸು ಕಲಕಿತು. ಆದರೆ ಆ ಕ್ಷಣದಲ್ಲಿ ಅವರನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದುದು ಬೇರೆ. ಗುಂಡು ದಾರದಲ್ಲಿ ಬಹಳ ಚೆನ್ನಾಗಿ ಕುಳಿತಿದ್ದಿತು. ಅದು ಪೋಣಿಸುವುದಕ್ಕೆಂದೇ ಹುಟ್ಟಿದಂತಿದ್ದಿತು.

ಅವರು ಭೂತಗನ್ನಡಿಯನ್ನು ತೆಗೆದುಕೊಂಡು ಕಿಟಕಿಯ ಬಳಿ ಕುಳಿತರು. ತೂತು ಈ ತುದಿಯಿಂದ ಆ ತುದಿಗೆ ನೇರವಾಗಿ ಹೋಗಿದ್ದಿತು. ತಿರುಪಿನ ಮೊನೆಯು ಮಾಡಿದ ತೂತಾದರೆ ಒಳಗೆ ಸುರುಳಿಯ ಗೆರೆಗಳಿರಬೇಕು, ಒಂದು ಕಡೆ ಮುಚ್ಚಿರಬೇಕು. ಇಲ್ಲಿ ಸುರುಳಿಯೂ ಇಲ್ಲ, ಮುಚ್ಚಿಯೂ ಇಲ್ಲ. ತೂತಿನ ಎರಡು ಬಾಯಿಗಳೂ ಸವೆದು ನುಣುಪಾಗಿ ಕೊಂಚ ಅಗಲವಾಗಿದ್ದವು. ಚಪ್ಪಟೆಯಾದ ಪಕ್ಕವು ತೂತಿನ ಜೊತೆಜೊತೆಗೇ ಉದ್ದಕ್ಕೂ ಸಾಗಿದ್ದಿತು. ಅದರ ಮೇಲೆ ಸಣ್ಣ ಗೀರುಗಳು ಅಸಂಖ್ಯವಾಗಿದ್ದವು. ಒಂದೇ ಪೆಟ್ಟಿಗೆ ಚಪ್ಪಟೆಯಾದ ಸೀಸವು ಅಂಚಿನಲ್ಲಿ ಹರಡಿಕೊಳ್ಳುತ್ತದೆ. ಇದು ಹರಡಿಕೊಂಡಿರಲಿಲ್ಲ; ತೇದುಹೋಗಿದ್ದಿತು.

ಆ ರಾತ್ರಿ ಮೇಷ್ಟರಿಗೆ ನಿದ್ರೆ ಬರಲಿಲ್ಲವೆಂದು ಅವರ ಮನೆಯವರು ಹೇಳುತ್ತಾರೆ. ಎಷ್ಟು ಮಕ್ಕಳಿಗೆ ಎಷ್ಟು ಖಂಡಿತವಾಗಿ ಹೇಳಿದ್ದ ಮಾತು!

ಬೆಳಗಾದ ಮೇಲೆ ಅವರು ಕ್ರಮವಾಗಿ ವಿಚಾರಕ್ಕೆ ತೊಡಗಿದರು. ತೂತುಳ್ಳ ಸಣ್ಣ ಭಾರವು ಲೋಕದಲ್ಲಿ ಏನೇನಾಗಿರಬಹುದು? ಕದಿರಿನ ಬಿಲ್ಲೆಯಾಗಿರಬಹುದು. ಆದರೆ ಕದಿರಿನ ಬಿಲ್ಲೆ ಅಗಲವಾಗಿ, ತೂತು ನಟ್ಟನಡುವೆ ಇರಬೇಕು. ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಕದಿರು ತೂರಾಡುತ್ತದೆ. ಇದು ಉದ್ದನಾಗಿದೆ, ತೂತು ಒಂದು ಪಕ್ಕಕ್ಕೆ ವಾಲಿದೆ. ಅಲ್ಲದೆ ಹತ್ತಿಯ ನವುರಾದ ಎಳೆಯನ್ನು ತೆಗೆಯುವಾಗ ಇಷ್ಟು ಭಾರವನ್ನು ತೂಗಿಬಿಟ್ಟರೆ ಎಳೆ ಕಡಿದುಹೋಗುತ್ತದೆ. ಮಗ್ಗದ ಭಾರವೆ? ಪಾಶ್ಚಾತ್ಯರ ಪುಸ್ತಕಗಳಲ್ಲಿ ತೂತುಳ್ಳ ಮಣ್ಣಿನ ಬಿಲ್ಲೆ ಕಂಡರೆ ಸಾಕು, ಮಗ್ಗದ ಭಾರವೆಂದು ಬರೆದಿರುವುದುಂಟು. ಅವರ ಪ್ರಾಚೀನರ ಮಗ್ಗ ಗೋಡೆಗೆ ಒರಗಿ ನಿಂತುದು. ಹಾಸಿನ ಎಳೆಗಳು ಮೇಲಿನಿಂದ ಕೆಳಕ್ಕೆ ಇಳಿಬಿದ್ದು, ಅವುಗಳ ತುದಿಗೆ ಭಾರ ಕಟ್ಟಿದರೆ ಮಾತ್ರ ಬಿಗಿಯಾಗಿ ನಿಲ್ಲುತ್ತಿದ್ದವು. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವ ನಮ್ಮ ಮಗ್ಗದಲ್ಲಿ ಹಾಸು ನೆಲಕ್ಕೆ ಸಮನಾಗಿ ಮಲಗಿರುತ್ತದೆ. ಎಳೆಎಳೆಗೂ ಭಾರ ಕಟ್ಟುವ ಅಗತ್ಯವೇ ಇಲ್ಲ. ಒಂದು ದೇಶದ ಪುಸ್ತಕದಿಂದ ಇನ್ನೊಂದು ದೇಶದ ಮಣ್ಣಿನಲ್ಲಿ ಸಿಕ್ಕಿದುದಕ್ಕೆ ಹೆಸರಿಡುವವರು ಮೊದಲು ಆ ದೇಶದ ಮಗ್ಗವನ್ನು ನೋಡಿಬರುವುದು ಲೇಸು. ಇನ್ನು ತೂಕದ ಕಲ್ಲೆಂದರೆ, ೧೧.೬೬ ಗ್ರಾಮಿನ ತೊಲದ ಯಾವ ಲೆಕ್ಕಕ್ಕೂ ಇದು ಸರಿಯಾಗಿ ಬಾರದು, ಮೇಲೆ ಯಾವ ಮುದ್ರೆಯೂ ಇಲ್ಲ. ಗಾರೆಯವನ ತೂಗುಗುಂಡೆಂದರೆ, ದಾರವು ಅದಕ್ಕೆ ಮೇಲುಗಡೆಯಿಂದ ಮಾತ್ರ ಬರುತ್ತದೆ. ಇಲ್ಲಿ ಎರಡು ಬಾಯಿಗಳೂ ಸಮವಾಗಿ ಸವೆದಿವೆ. ಹುರಿಯು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೊರಟುಹೋಗಿದೆ. ಈ ತುಂಡು ಒಂಟಿಯಾಗಿ ಇದ್ದುದಲ್ಲ. ಒಂದೇ ಹುರಿಯಲ್ಲಿ ಇದರ ಅತ್ತ ಒಂದು, ಇತ್ತ ಒಂದು ಇದ್ದಿರಬೇಕು. ಆ ಸಾಲೆಲ್ಲ ಒಟ್ಟಾಗಿ ಯಾವುದೋ ಗಟ್ಟಿಯಾದ ನೆಲದ ಮೇಲೆ ಎಳೆದಾಡಿರಬೇಕು.

ಇಷ್ಟರವರೆಗೆ ಬಂದ ಮೇಷ್ಟರು ಒಂದು ಚೊಂಬಿನಲ್ಲಿ ನೀರು ತುಂಬಿ, ಗುಂಡನ್ನು ದಾರದಿಂದ ಇಳಿಬಿಟ್ಟು ತೂಗಿ ನೋಡಿದರು. ಸೀಸವು ನೀರಿಗಿಂತ ಹನ್ನೊಂದು ಪಾಲಿಗೂ ಮೇಲ್ಪಟ್ಟು ಭಾರವುಳ್ಳದ್ದು; ಆದುದರಿಂದ ನೀರಿನಲ್ಲಿ ಅದು ಕಳೆದುಕೊಳ್ಳುವುದು ತನ್ನ ತೂಕದ ಹನ್ನೊಂದರಲ್ಲೊಂದು ಪಾಲಿಗಿಂತ ಕಡಮೆ. ೩೧ ಗ್ರಾಮಿನ ಗುಂಡು ನೀರೊಳಗೆ ೨೮ ಗ್ರಾಮಿಗೂ ಹೆಚ್ಚಾಗಿಯೇ ತೂಗಿತು. ಕಲ್ಲಾದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ನೀರಿಗೆ ಕೊಡಬೇಕು. ಸುಟ್ಟ ಮಣ್ಣಾದರೆ ಹೆಚ್ಚು ಕಡಮೆ ಅರ್ಧವನ್ನೇ. ನವಶಿಲಾಯುಗದ ಜನರು ಎರಡು ಪಕ್ಕದಲ್ಲಿ ಕಚ್ಚು ಮಾಡಿದ ಹೊಳೆಗಲ್ಲನ್ನೂ, ಅವರ ಬಳಿಕದವರು ತೂತುಳ್ಳ ಮಣ್ಣಿನ ಬಿಲ್ಲೆಗಳನ್ನೂ ಕಟ್ಟಿಕೊಂಡು ಕೆಲಸ ಸಾಗಿಸಿದರೆಂಬುದು ನಿಜ. ಆದರೆ ಸೀಸವು ಕೈಗೆ ಬಂದ ಮೇಲೆ ನೀರಿನಲ್ಲಿ ಬೇಗನೆ ಮುಳುಗಬೇಕಾದುದಕ್ಕೆಲ್ಲ ಅದನ್ನೇ ಏಕೆ ಹಿಡಿದರೆಂಬುದು ಆ ಚೊಂಬಿನಲ್ಲಿ ಕಣ್ಣಿಗೆ ಕಾಣುತ್ತಿದ್ದಿತು. ನೀರಿನಲ್ಲಿ ಬೇಗನೆ ಮುಳುಗಬೇಕಾದುದು! ಮೇಷ್ಟರು ತಕ್ಕಡಿಯನ್ನು ಕೆಳಗಿಟ್ಟು ಸುಮ್ಮನೆ ಕುಳಿತರು. ಇಪ್ಪತ್ತೆಂಟು ವರ್ಷ ಅವರು ದಿನಕ್ಕೆರಡು ಬಾರಿ ಹೊಳೆಯ ಸೇತುವೆಯ ಮೇಲೆ ನಡೆದಿದ್ದರು. ಕೆಳಗೆ ಹರಿಗೋಲಿನಲ್ಲಿ ನಿಂತು ಬಲೆ ಬೀಸುವವರನ್ನು ಎಷ್ಟು ಸಾರಿ ನೋಡಿರಲಿಲ್ಲ! ಬಲೆಯು ಗಾಳಿಯಲ್ಲಿ ಛತ್ರಿಯಂತೆ ಅರಳಿ, ಅದರ ಅಂಚೆಲ್ಲ ಏಕಕಾಲದಲ್ಲಿ ನೀರಿಗೆ ಬಿದ್ದಾಗ ಆಗುವ ಶಬ್ದವೂ ಅವರ ಕಿವಿಯಲ್ಲಿದ್ದಿತು, ಮಳೆಯ ಮೊದಲ ದಪ್ಪ ಹನಿಗಳಂತೆ. ಆ ಅಂಚಿನಲ್ಲಿ ಏನಿರುವುದೆಂದು ಒಂದು ದಿನವೂ ಬಗ್ಗಿ ನೋಡಿದವರಲ್ಲ.

ಅಂದು ಸಂಜೆಯೇ ಅವರು ಗುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಬೆಸ್ತರ ಬೀದಿಗೆ ಹೋದರು. ಅದನ್ನು ತಂದುಕೊಟ್ಟ ಹುಡುಗನು ಈಗ ಐವತ್ತು ದಾಟಿದವನು. ಪಂಪಿನ ಮೋಟಾರುಗಳನ್ನು ದುರಸ್ತಿ ಮಾಡಿ ಜೀವಿಸುತ್ತಾನೆ. ಅವನು ಕೆಲಸಕ್ಕೆ ಹೋಗಿದ್ದನು. ಮನೆಯಲ್ಲಿ ಅವನ ತಂದೆತಾಯಿಗಳಿದ್ದರು. ಮುದುಕನಿಗೆ ಎರಡು ಕಣ್ಣಿಗೂ ಪೊರೆ ಬಂದಿದ್ದಿತು. ಮೇಷ್ಟರು ಏನನ್ನೂ ಹೇಳದೆ ಗುಂಡನ್ನು ಅವನ ಅಂಗೈಯಲ್ಲಿಟ್ಟರು. ಅವನು ಹೆಬ್ಬೆರಳಿನಿಂದ ಒಮ್ಮೆ ಉರುಳಿಸಿ, ಚಪ್ಪಟೆಯ ಪಕ್ಕವನ್ನು ಹುಡುಕಿಕೊಂಡು ಅಲ್ಲಿ ಬೆರಳನ್ನು ನಿಲ್ಲಿಸಿದನು.

"ಇದ್ಯಾಕೆ ಮೇಷ್ಟ್ರೇ ನಿಮ್ಮತ್ರ? ಬಲೆ ಗುಂಡಲ್ವಾ ಇದು? ಬಂಡೆ ಮ್ಯಾಲೆ ಎಳೆದಿರೋ ಬಲೇದು. ಮರಳಲ್ಲಿ ಎಳೆದಿದ್ರೆ ಸುತ್ತಾ ಸವೀತಿತ್ತು."

ಮೇಷ್ಟರು ಒಂದು ರಾತ್ರಿ, ಒಂದು ಹಗಲು, ಭೂತಗನ್ನಡಿ, ತಕ್ಕಡಿ, ನಾಲ್ಕು ಪುಸ್ತಕಗಳ ಸಹಾಯದಿಂದ ಮುಟ್ಟಿದ ಸ್ಥಳವನ್ನು ಕುರುಡು ಹೆಬ್ಬೆರಳೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿ, ಒಂದು ಹೆಜ್ಜೆ ಮುಂದಕ್ಕೂ ಹೋಗಿದ್ದಿತು.

ಮುದುಕಿ ಅಟ್ಟದಿಂದ ಒಂದು ಹಳೆಯ ಬೀಸುಬಲೆಯನ್ನು ಇಳಿಸಿದಳು. ಅದು ಮುದುಕನ ತಂದೆಯ ಕಾಲದ್ದು, ನೈಲಾನು ಬರುವುದಕ್ಕೆ ಮುಂಚಿನ ಹತ್ತಿಯ ನೂಲಿನದು. ನೂಲು ಕೊಳೆಯದಿರಲೆಂದು ಮರದ ತೊಗಟೆಯನ್ನು ಕುದಿಸಿದ ರಸದಲ್ಲಿ ಅದ್ದಿ ಅದ್ದಿ ಬಲೆಯ ಬಣ್ಣ ಕಾಚಿನಂತಾಗಿದ್ದಿತು. ಕಣ್ಣುಗಳು ಬಹುಮಟ್ಟಿಗೆ ಇಲಿಯ ಪಾಲಾಗಿದ್ದವು. ಅಂಚಿನ ಹುರಿ ಮಾತ್ರ ದಪ್ಪವಾದುದರಿಂದ ಅಲ್ಲಲ್ಲಿ ಉಳಿದಿದ್ದಿತು. ಅದರಲ್ಲಿ ಗೇಣಿಗೆ ಐದಾರರಂತೆ ಸೀಸದ ಗುಂಡುಗಳು. ಮೇಷ್ಟರು ತಮ್ಮ ಗುಂಡನ್ನು ಅವುಗಳ ಪಕ್ಕದಲ್ಲಿ ಇಟ್ಟರು. ಅದೇ ಉದ್ದ, ಅದೇ ಹೊಟ್ಟೆ, ಅದೇ ಚಪ್ಪಟೆ. ಅಣ್ಣತಮ್ಮಂದಿರ ನಡುವೆ ಬಂದು ಕುಳಿತಂತಾಯಿತು.

ಗುಂಡು ಎರೆಯುವ ಬಗೆಯನ್ನು ಹೇಳಲು ಮುದುಕನು ತೊಡಗಿದನು. ಮುದುಕಿ ಅವನ ಬಾಯಿಂದ ಮಾತನ್ನು ಕಿತ್ತುಕೊಂಡಳು. ಸೀಸ ಕಾಯಿಸುತ್ತಿದ್ದವಳು ತಾನು, ಇವರಿಗೇನು ಗೊತ್ತು ಎಂಬುದು ಅವಳ ವಾದ. ಸೀಸವು ೩೨೭ ಡಿಗ್ರಿಯಲ್ಲಿ ಕರಗುವ ಲೋಹ. ಅದಕ್ಕೆ ಕುಲುಮೆ ಬೇಕಿಲ್ಲ, ಅಡಿಗೆಯ ಒಲೆಯ ಕೆಂಡವೇ ಸಾಕು. ಅದಕ್ಕೆಂದೇ ಒಂದು ಕಬ್ಬಿಣದ ಸೌಟು ಬೇರೆಯಾಗಿ ಇದ್ದಿತು. ಅದನ್ನು ಅಡಿಗೆಗೆ ಮುಟ್ಟಿಸಕೂಡದೆಂದು ಅವಳ ಅತ್ತೆಯ ಕಟ್ಟಪ್ಪಣೆ. ಮಣ್ಣಿನ ಅಚ್ಚಿನ ನಡುವೆ ಒಣಕಡ್ಡಿಯನ್ನು ನಿಲ್ಲಿಸಿ, ಸುತ್ತಲೂ ಸೀಸ ಹೊಯ್ದು, ಆರಿದ ಮೇಲೆ ಕರಿಕಾದ ಕಡ್ಡಿಯನ್ನು ಚುಚ್ಚಿ ತೆಗೆದರೆ ತೂತು ಸಿದ್ಧ. ಅಚ್ಚು ಚೆನ್ನಾಗಿ ಒಣಗಿರಬೇಕು. ಹಸಿಯಿದ್ದರೆ ನೀರು ಆವಿಯಾಗಿ ಸೀಸವನ್ನು ಸಿಡಿಸುತ್ತದೆ. ಮುದುಕಿ ಸೆರಗನ್ನು ಸರಿಸಿ ಮುಂಗೈಯನ್ನು ತೋರಿಸಿದಳು. ಮದುವೆಯಾದ ಹೊಸತರಲ್ಲಿ ಸಿಡಿದ ಕಲೆಗಳು ಅಲ್ಲಿ ಮೂರು ಇದ್ದವು. ಮೊದಮೊದಲು ಅಂಗಡಿಯ ಸೀಸ, ಆಮೇಲೆ ಮೋಟಾರು ಬ್ಯಾಟರಿಯ ಸೀಸ. ಕಳೆದುಹೋದ ಬಲೆಯ ಗುಂಡು ದಡದಲ್ಲಿ ಸಿಕ್ಕಿದರೆ ಅದನ್ನೂ ಕರಗಿಸಿ ಸೇರಿಸುತ್ತಿದ್ದರು.

ಒಂದು ಬಲೆಗೆ ಗುಂಡುಗಳು ನೂರಕ್ಕೆ ಮೇಲ್ಪಟ್ಟು ಬೇಕು. ಎಲ್ಲವೂ ಒಂದೇ ತೂಕವಿರಬೇಕು. ಬೀಸುವವನು ಬಲೆಯ ಒಂದು ಪಾಲನ್ನು ಮೊಣಕೈಯ ಮೇಲೂ ಒಂದು ಪಾಲನ್ನು ಹೆಗಲ ಮೇಲೂ ಹೊತ್ತು, ಅಂಚಿನ ಒಂದು ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಸೊಂಟವನ್ನು ತಿರುಗಿಸಿ ಬೀಸಿದಾಗ, ಹಲ್ಲಿನ ಗುಂಡನ್ನು ತಕ್ಕ ಕ್ಷಣದಲ್ಲಿ ಬಿಟ್ಟರೆ ಬಲೆ ಅರಳುತ್ತದೆ. ಒಂದು ಕಡೆಯ ಗುಂಡು ಹಗುರವಾದರೆ ಆ ಕಡೆ ಹಿಂದೆ ಬೀಳುತ್ತದೆ. ವೃತ್ತವು ಕುಂಬಳಕಾಯಿಯ ಹೋಳಾಗುತ್ತದೆ. ಮೀನು ಆ ಸಂದಿನಲ್ಲಿ ನುಸುಳುತ್ತದೆ. ತಳ ಮುಟ್ಟಿದ ಮೇಲೆ ಹಗ್ಗವನ್ನು ಎಳೆದಂತೆ ಗುಂಡುಗಳು ನೆಲವನ್ನು ತೇಯುತ್ತಾ ಒಂದರ ಮೇಲೊಂದು ಬಂದು ಬಲೆಯ ಬಾಯಿ ಮುಚ್ಚುತ್ತದೆ. ಮೇಷ್ಟರು ಭೂತಗನ್ನಡಿಯಲ್ಲಿ ಕಂಡ ಅಸಂಖ್ಯ ಗೀರುಗಳೆಂದರೆ ಅಷ್ಟು ಸಲದ ಅಷ್ಟು ಎಳೆತ. ಕಲ್ಲಿನ ಸಂದಿನಲ್ಲಿ ಹುರಿ ಸಿಕ್ಕಿ ಕಡಿದಾಗ ಒಂದೆರಡು ಗುಂಡು ಅಲ್ಲಿಯೇ ಉಳಿಯುವುದು. ಹುರಿ ಕೊಳೆತು ಹೋಗುವುದು, ಬಲೆ ಕೊಳೆತು ಹೋಗುವುದು, ಹರಿಗೋಲಿನ ಬಿದಿರೂ ಚರ್ಮವೂ ಹೋಗುವುದು; ಹೊಳೆಯು ಉಳಿಸಿಕೊಳ್ಳುವುದು ಸೀಸವನ್ನು ಮಾತ್ರ.

ಹಲ್ಲಿನಲ್ಲಿ ಸೀಸವನ್ನು ಕಚ್ಚುವ ಮಾತನ್ನು ಕೇಳ, ಮೇಷ್ಟರಿಗೆ ಮೊಮ್ಮಗಳ ನೆನಪಾಗಿ ಅವರು ಅದರ ಕೇಡನ್ನು ಹೇಳಹೊರಟರು. ಮುದುಕನು ನಕ್ಕನು. ಅವನ ಬಾಯಲ್ಲಿ ಆ ಚರ್ಚೆಗೆ ಬೇಕಾದ ಹಲ್ಲು ಒಂದೂ ಉಳಿದಿರಲಿಲ್ಲ.

"ಎಷ್ಟು ವರ್ಷದ ಹಿಂದಿನದಿರಬಹುದು ಇದು?" ಎಂದು ಮೇಷ್ಟರು ಕೇಳಿದರು. ಚರಿತ್ರೆಯವರಿಗೆ ಈ ಪ್ರಶ್ನೆಯನ್ನು ಬಿಡಲಾಗದು. ಮುದುಕನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಅವನ ತಂದೆಯೂ ಇದೇ ಆಕಾರದ್ದನ್ನು ಎರೆದನು, ಅಜ್ಜನೂ ಎರೆದನು. ನಿಜವಾಗಿಯೂ ಇಲ್ಲಿ ಶಾಸ್ತ್ರದ ಕೈಯೂ ಮೊಟಕು. ಮೂಳೆ, ಮರ, ಬಟ್ಟೆಗಳ ವಯಸ್ಸನ್ನು ಅವುಗಳಲ್ಲಿನ ಇಂಗಾಲದಿಂದ ತಿಳಿಯಬಹುದು, ಸೀಸದಲ್ಲಿ ಇಂಗಾಲವಿಲ್ಲ. ತೂತಿನೊಳಗೆ ಹುರಿಯ ಒಂದೆಳೆ ಉಳಿದಿದ್ದರೆ ಏನಾದರೂ ಆಗುತ್ತಿದ್ದಿತು. ಹೊಳೆ ಅದನ್ನು ಎಂದೋ ತೊಳೆದಿತ್ತು. ನೂರು ವರ್ಷಕ್ಕೆ ಕಡಮೆಯಿಲ್ಲದ ವಸ್ತುಗಳನ್ನು ೧೯೭೨ರ ಕಾನೂನು ಪುರಾತನ ವಸ್ತುಗಳ ಸಾಲಿಗೆ ಸೇರಿಸುತ್ತದೆ. ಈ ಗುಂಡು ಆ ಗೆರೆಯ ಈಚೆಯದೋ ಆಚೆಯದೋ ಹೇಳಬಲ್ಲವರಿಲ್ಲ. ಸೀಸವು ಕರಗಿದಾಗಲೆಲ್ಲ ಅದರ ಹಿಂದಿನ ಜನ್ಮ ಅಳಿಸಿಹೋಗುತ್ತದೆ. ಹೊಳೆಯ ದಡದಲ್ಲಿ ಸಿಕ್ಕಿದ ಸೀಸವನ್ನೆಲ್ಲ ಕರಗಿಸಿ ಸೇರಿಸುತ್ತಿದ್ದ ಊರಿನಲ್ಲಿ, ಎಂದೋ ಒಬ್ಬ ಸಿಪಾಯಿಯ ಬಂದೂಕಿನದೂ ಆ ಸೌಟಿಗೆ ಬಿದ್ದಿರಲಾರದೆಂದು ಯಾರು ಹೇಳಬಲ್ಲರು? ಮೇಷ್ಟರು ಈ ಯೋಚನೆಯನ್ನು ಕೊಂಚ ಆಸೆಯಿಂದಲೇ ಹೊರಗೆ ಹಾಕಿದರು. ನಲವತ್ತು ವರ್ಷದ ನಂಬಿಕೆ ಒಂದೇ ದಿನದಲ್ಲಿ ಪೂರ್ತಿಯಾಗಿ ಬಿಡುವುದಿಲ್ಲ. ಮುದುಕನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದನು:

"ಇರ್ಬೌದು ಮೇಷ್ಟ್ರೇ. ಆದ್ರೆ ಬಂದೂಕದ ಗುಂಡು ಒಂದ್ಸಲ ಹಾರ್ತದೆ, ಅಷ್ಟೇಯ. ಇದು ದಿನಾ ಹಾರ್ತಿತ್ತು, ದಿನಾ ಮನೆಗೆ ಬರ್ತಿತ್ತು."

ಆಮೇಲೆ ಮಾತು ಮೀನಿನ ಕಡೆಗೆ ತಿರುಗಿತು. ಗೆಂಡೆ, ಬಾಳೆಮೀನು, ಮಡುಗಳಲ್ಲಿ ಬಲೆಯನ್ನೇ ಹರಿದುಕೊಂಡು ಹೋಗುತ್ತಿದ್ದ ಬಿಳಿಮೀನು. ೧೯೪೬ರಲ್ಲಿ ಕಬಿನಿಯಲ್ಲಿ ೧೨೦ ಪೌಂಡು ತೂಕದ ಇಂತಹ ಮೀನು ಗಾಳಕ್ಕೆ ಸಿಕ್ಕಿದುದು ಪ್ರಸಿದ್ಧವಾಗಿದೆ. ಕಾವೇರಿಯ ಈ ದೊಡ್ಡ ಮೀನಿನ ಶಾಸ್ತ್ರೀಯವಾದ ಹೆಸರು ಇದೆಂದು ವಿದ್ವಾಂಸರು ೨೦೧೮ರಲ್ಲಿ ನಿರ್ಧರಿಸಿದರು. ಅದೇ ವರ್ಷ ಅದು ನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಗೊತ್ತಾಗುವ ಹೊತ್ತಿಗೆ ಹೆಸರುಳ್ಳುದು ಹೊರಡುವ ಸಿದ್ಧತೆಯಲ್ಲಿದ್ದಿತು. ಮಗನಿಗೆ ಬಲೆ ಬೀಸಲು ಏಕೆ ಕಲಿಸಲಿಲ್ಲವೆಂದು ಮೇಷ್ಟರು ಕೇಳಲಿಲ್ಲ. ಅಟ್ಟದಿಂದ ಇಳಿದ ಬಲೆಯ ಧೂಳು ಅದಕ್ಕೆ ಉತ್ತರವಾಗಿದ್ದಿತು.

ಕತ್ತಲಾಗುವ ಹೊತ್ತಿಗೆ ಮಗನು ಬಂದನು. ಮೇಷ್ಟರ ಕೈಯಲ್ಲಿ ಗುಂಡನ್ನೂ ನೆಲದ ಮೇಲೆ ಬಲೆಯನ್ನೂ ನೋಡಿ ಅವನಿಗೆ ಎಲ್ಲವೂ ಅರ್ಥವಾಯಿತು. ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಾ ಬಾಗಿಲಿನಲ್ಲಿಯೇ ನಿಂತನು.

"ನಿನಗೆ ಆಗಲೇ ಗೊತ್ತಿತ್ತೇನಪ್ಪ?" ಎಂದರು ಮೇಷ್ಟರು.

"ಗೊತ್ತಿತ್ತು ಮೇಷ್ಟ್ರೇ. ನಾನು ಗುಂಡು ಅಂದಿದ್ದು ಬಲೆ ಗುಂಡನ್ನೇಯ. ನೀವು ಅದನ್ನ ಎತ್ತಿ ಹಿಡ್ಕೊಂಡು ಟಿಪ್ಪು ಹೆಸರು ಹೇಳಿದ್ರಿ."

"ಹಾಗಾದರೆ ಯಾಕೆ ಹೇಳಲಿಲ್ಲ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. "ಐಕ್ಳೆಲ್ಲಾ ಚಪ್ಪಾಳೆ ತಟ್ಟುದ್ರು. ಅವತ್ತಿನಗಂಟ ಮೀನು ವಾಸ್ನೆ ಅಂತ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ಅವತ್ತು ಮುಂದ್ಗಡೆ ಬೆಂಚಲ್ಲಿ ಜಾಗ ಬುಟ್ರು. ಇದು ನಮ್ಮಪ್ಪನ ಬಲೇದು ಅಂತ ಹೆಂಗೆ ಹೇಳಾನ?"

ಮೇಷ್ಟರು ಏನನ್ನೂ ಹೇಳಲಿಲ್ಲ. ಅವರು ಆ ಹುಡುಗನನ್ನು ಹಿಂದಿನ ಸಾಲಿನ ಮೂಲೆಯಲ್ಲಿ ಪ್ರತಿದಿನವೂ ನೋಡಿದ್ದರು. ಅವನಿಗೆ ಮೂಲೆಯೇ ಇಷ್ಟವೆಂದು ತಿಳಿದಿದ್ದರು.

ಚೀಟಿಯನ್ನು ಬದಲಾಯಿಸುವುದೆ, ಬಿಡುವುದೆ ಎಂಬ ವಿಷಯದಲ್ಲಿ ಮೇಷ್ಟರ ಮನಸ್ಸು ಕೆಲವು ದಿನ ಹೊಯ್ದಾಡಿತು. ಬದಲಾಯಿಸಿದರೆ ಆ ಹನ್ನೊಂದು ವರ್ಷದ ಹುಡುಗನಿಗೆ ಒಮ್ಮೆ ಸಿಕ್ಕಿದ ಬೆಂಚಿನ ಜಾಗವನ್ನು ಕಿತ್ತುಕೊಂಡಂತೆ. ಬಿಟ್ಟರೆ ಅವನ ತಂದೆಯ ಹೆಬ್ಬೆರಳನ್ನು ಸುಳ್ಳು ಮಾಡಿದಂತೆ. ಕೊನೆಗೆ ಅವರು ಮತ್ತೊಮ್ಮೆ ಆ ಬೀದಿಗೆ ಹೋಗಿ ಅವನನ್ನೇ ಕೇಳಿದರು. ಅವನು ಉತ್ತರ ಹೇಳುವ ಮೊದಲೇ ಒಳಗಿನಿಂದ ಮುದುಕಿ ಬಲೆಯ ಅಂಚಿನ ಒಂದು ಗೇಣನ್ನು ಕುಡುಗೋಲಿನಿಂದ ಕತ್ತರಿಸಿ ತಂದು ಮೇಷ್ಟರ ಮುಂದಿಟ್ಟಳು.

ಶಾಲೆಯ ದುರಸ್ತಿ ಮುಗಿದು ಬೀರುವು ತನ್ನ ಸ್ಥಳಕ್ಕೆ ಬಂದಿದೆ. ಅದರಲ್ಲಿ ಈಗ ಹುರಿಯ ಸಮೇತ ಐದು ಗುಂಡುಗಳಿವೆ. ಅವುಗಳ ಪಕ್ಕದಲ್ಲಿ ಆರನೆಯದು ಒಂಟಿಯಾಗಿ. ಅವನ್ನು ಯಾರೂ ಮುಟ್ಟದಂತೆ ಬೀರುವಿಗೆ ಬೀಗವಿದೆ. ಹೊಸ ಚೀಟಿಯಲ್ಲಿ "ಬೀಸುಬಲೆಯ ಗುಂಡು, ಕಾವೇರಿ" ಎಂದಿದೆ. ಕಾಲ ಎಂಬಲ್ಲಿ ಏನೂ ಇಲ್ಲ. ಅಂದಾಜಾಗಿಯಾದರೂ ಒಂದು ಶತಮಾನವನ್ನು ಬರೆಯಿರೆಂದು ಈಗಿನ ಉಪಾಧ್ಯಾಯರು ಕೇಳಿದರೂ ಮೇಷ್ಟರು ಒಪ್ಪಲಿಲ್ಲ. ಗುರುತಿಸಿದವರು ಎಂಬಲ್ಲಿ ಮುದುಕನ ಹೆಸರಿದೆ. ಹುಡುಕಿದವರು ಎಂಬಲ್ಲಿ ಮಗನದು.

ಬೀರುವಿಗೆ ಬೀಗ ಹಾಕುವ ದಿನ ಅವನನ್ನೂ ಕರೆದಿದ್ದರು. ಅವನು ಗಾಜಿನ ಮೇಲೆ ಬಗ್ಗಿ ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದನು. ತನ್ನ ಹೆಸರು ಬಂದಲ್ಲಿ ನಿಂತು, ಮತ್ತೆ ಮೊದಲಿನಿಂದ ಓದಿದನು. ಆಮೇಲೆ ಮೇಷ್ಟರ ಕಡೆಗೆ ತಿರುಗಿ ಕೇಳಿದನು:

"ಹಂಗಾರೆ ಆ ಪೆನ್ಸಿಲು ವಾಪಸ್ ಕೊಡ್ಬೇಕಾ, ಮೇಷ್ಟ್ರೇ?"